ಅಪ್ಪನ ದಿವಸಕ್ಕೆ ಕೂಡಿದ ಮನೆಮಂದಿ: ಕಹಿನಗೆಯ ನಾಟಕ ಕಟ್ಟುವ ಬಗೆ

ಮುರಿದ ಮನೆ ಕೂಡಲು ಒಂದು ನೆಪ ಬೇಕು. ಧಾರವಾಡದ ಹಳೇ ಮನೆ, ಅಪ್ಪನ ದಿವಸದ (ತಿಥಿಯ) ಊಟ ಸಾಕು. ಪಾತ್ರ ಐದು, ಬಹಳವಾದರೆ ಆರು. 70 ನಿಮಿಷ, ಮಧ್ಯಂತರ ಬೇಡ. ಚಹಾ ಕುಡಿದು ಬಂದವರ ಬಿಗಿ ಇಳಿದಿರುತ್ತದೆ.

ಜಗಳ ಕೈಗೆ ಸಿಗುವ ವಸ್ತುವಿನ ಸುತ್ತ ಇರಲಿ. ಹೊಲದ ಉತಾರಕ್ಕಿಂತ (ಪಹಣಿ ಪತ್ರ) ಒಳ್ಳೆಯದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಹಾಗಾಗಿ ಅಣ್ಣಂದಿರು ತಂಗಿಗೆ ಹುಗ್ಗಿ ಬಡಿಸುತ್ತಲೇ ಹಕ್ಕುಬಿಡುಗಡೆ ಪತ್ರ ಮುಂದೆ ಸರಿಸಲಿ. ರಂಗದ ಮೇಲೆ ಸಹಿ ಹಾಕಿಸಿ ಕಥೆ ಮುಗಿಸಬೇಡಿ: ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗದ ಪತ್ರ ಬರೀ ಕಾಗದ, ನಮ್ಮ ಪ್ರೇಕ್ಷಕರಿಗೆ ಇದು ಬಾಯಿಪಾಠ. ತಂಗಿ, ‘ನಾಳಿ ಆಫೀಸಿಗೆ ಬರ್ತೀನಿ, ಈಗ ತುಪ್ಪ ಹಾಕ್ರಿ’ ಅನ್ನಲಿ.

ನಗು ಅರ್ಧ ಇಳಿದಾಗ ಮುಂದಿನ ಮಾತು. ಪೂರ್ತಿ ಕಾದರೆ ದೃಶ್ಯ ಹಳಸುತ್ತದೆ. ನಟ ತಾನೇ ನಕ್ಕರೆ ಎಲ್ಲ ಕೆಟ್ಟಿತು, ಪಾತ್ರಕ್ಕೆ ಅದು ತಮಾಷೆಯಲ್ಲ.

ಇನ್ನು ರೊಟ್ಟಿ. ಖಡಕ್ ರೊಟ್ಟಿಯ ಸದ್ದು ಸಂಭಾಷಣೆ ನುಂಗುತ್ತದೆ. ಎಲ್ಲರಿಗೂ ಮೆತ್ತನ್ನದು, ತಲೆಗೊಂದೇ. ಖಡಕ್ ಒಂದನ್ನು ಅವ್ವನ ಕೈಗೆ ಕೊಡಿ. ಎಲ್ಲರೂ ಸುಮ್ಮನಾದಾಗ ಅವಳು ಮುರಿಯಲಿ.