ಮನೆ ಮುಂದಿನ ಮರ ಕಡಿಸುವ ಮುಂಚೆ: ಬಳ್ಳಾರಿಗೆ ಹೊಸದಾಗಿ ಬಂದವರಿಗೆ

ಬಳ್ಳಾರಿಯಲ್ಲಿ ಒಂದು ಬೇಸಿಗೆ ಕಳೆಯುವವರೆಗೆ ಯಾವ ಮರವನ್ನೂ ಕಡಿಸಬೇಡಿ. ಇದು ಕಾನೂನಲ್ಲ, ನಮ್ಮ ಸಂಘದ ಸಲಹೆ. ಫೆಬ್ರುವರಿಯಲ್ಲಿ ಎಲೆ ಉದುರಿಸುತ್ತದೆ ಎಂದು ಬೇವನ್ನು ಬೈದವರೇ ಮೇ ತಿಂಗಳಲ್ಲಿ ಸ್ಕೂಟರನ್ನು ಅದರ ನೆರಳಿಗೇ ತಂದು ನಿಲ್ಲಿಸುತ್ತಾರೆ.

ಇನ್ನು ಕಾನೂನು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನಿಮ್ಮ ಸ್ವಂತ ಕಾಂಪೌಂಡಿನೊಳಗಿನ ಮರಕ್ಕೂ ಅನ್ವಯಿಸುತ್ತದೆ. ಕಡಿಯುವ ಮೊದಲು ವೃಕ್ಷ ಅಧಿಕಾರಿಯ (ಈ ಕಾಯ್ದೆಯಡಿ ನೇಮಕವಾದ ಅರಣ್ಯ ಅಧಿಕಾರಿ) ಅನುಮತಿ ಬೇಕು. ‘ನಾವು ಕಡೀಲಿಲ್ಲ, ಬರೀ ಕೊಂಬೆ ಇಳಿಸಿದ್ವಿ’ ಎಂಬ ಮಾತು ನಡೆಯುವುದಿಲ್ಲ. ಕೊಂಬೆ ಸವರುವುದು, ತಲೆ ಕತ್ತರಿಸುವುದು, ಸುತ್ತ ತೊಗಟೆ ಸುಲಿಯುವುದು, ಬುಡಕ್ಕೆ ಔಷಧಿ ಸುರಿಯುವುದು, ಬೆಂಕಿ ಇಡುವುದು ಎಲ್ಲವೂ ಕಾಯ್ದೆಯ ಪ್ರಕಾರ ಕಡಿದ ಲೆಕ್ಕವೇ.

ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ಬಳ್ಳಾರಿ ಜಾಲಿಯಂಥ ಕೆಲವಕ್ಕೆ ವಿನಾಯಿತಿ ಇದೆ. ಖಾಲಿ ಸೈಟು ಕೊಂಡವರಿಗೆ ಇದೇ ದೊಡ್ಡ ಸಮಾಧಾನ, ಯಾಕೆಂದರೆ ಅಲ್ಲಿ ಜಾಲಿ ಬಿಟ್ಟು ಬೇರೇನೂ ಇರುವುದೇ ಅಪರೂಪ. ವಿನಾಯಿತಿ ಪಟ್ಟಿಗೆ ತಿದ್ದುಪಡಿಗಳೂ ಆಗಿವೆ. ಹಾಗಾಗಿ ಬೇವು, ಹೊಂಗೆ, ಹುಣಸೆ ಇದ್ದರೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳದೆ ಕೊಡಲಿ ಎತ್ತಬೇಡಿ. ಶ್ರೀಗಂಧದ ಗಿಡ ಕಂಡರಂತೂ ಮುಟ್ಟಲೇಬೇಡಿ.

ಅರ್ಜಿಯನ್ನು ಮನೆ ಮಾಲೀಕರೇ ಕೊಡುವುದು ಒಳ್ಳೆಯದು. ಬಾಡಿಗೆಗಿರುವವರು ಅವರಿಂದಲೇ ಸಹಿ ಮಾಡಿಸಿ. ಆಸ್ತಿಯ ಖಾತೆ ನಕಲು, ತೆರಿಗೆ ರಸೀದಿ, ಮರದ ಫೋಟೊ, ಎಷ್ಟು ಮರ, ಯಾವ ಜಾತಿ, ಯಾಕೆ ತೆಗೆಯಬೇಕು ಎಂಬ ವಿವರ ಜೊತೆಗಿರಲಿ. ಕಾರಣವನ್ನು ಸರಿಯಾಗಿ ಬರೆಯಿರಿ. ಒಣಗಿದೆ, ರೋಗ ಬಿದ್ದಿದೆ, ಗಾಳಿಗೆ ಉರುಳಿದೆ, ಜೀವಕ್ಕೋ ಗೋಡೆಗೋ ಅಪಾಯವಿದೆ, ಸಂಚಾರಕ್ಕೆ ಅಡ್ಡಿ ಎಂಬಂಥವನ್ನು ಕಾಯ್ದೆಯೇ ಒಪ್ಪುತ್ತದೆ. ವಾಸ್ತು ದೋಷ, ಅಂಗಡಿ ಬೋರ್ಡ್ ಕಾಣುವುದಿಲ್ಲ ಎಂಬ ಕಾರಣಗಳು ಅಲ್ಲಿಲ್ಲ. ಅಧಿಕಾರಿ ಸ್ಥಳ ನೋಡಿದ ಮೇಲೆಯೇ ಅನುಮತಿ. ಅನುಮತಿ ಸಿಕ್ಕರೆ ಬದಲಿ ಗಿಡ ನೆಡುವ ಹೊಣೆಯೂ ನಿಮ್ಮದೇ.

ಕಡಿಯುವವರು ‘ಏನೂ ಆಗಲ್ಲ ಬಿಡ್ರಿ ಸರ್, ಭಾನುವಾರ ಮುಗಿಸಿಬಿಡ್ತೀವಿ, ದುಡ್ಡೂ ಬ್ಯಾಡ, ಕಟ್ಟಿಗೆ ನಮಗಿರ್ಲಿ’ ಎನ್ನುತ್ತಾರೆ. ನಂಬಬೇಡಿ. ಹಲವು ಜಾತಿಯ ಮರಗಳನ್ನು ಸಾಗಿಸಲು ಅರಣ್ಯ ಇಲಾಖೆಯ ರಹದಾರಿ (ಸಾಗಣೆ ಪರವಾನಗಿ) ಬೇಕು. ದಾರಿಯಲ್ಲಿ ಟ್ರ್ಯಾಕ್ಟರ್ ತಡೆದರೆ ಚಾಲಕ ಮೊದಲು ಹೇಳುವುದು ನಿಮ್ಮ ಮನೆ ವಿಳಾಸ.

ಗೇಟಿನ ಹೊರಗಿನ ಮರ ನಿಮ್ಮದಲ್ಲ, ನೀರು ಹಾಕಿ ಬೆಳೆಸಿದವರು ನೀವೇ ಆದರೂ. ರಸ್ತೆ, ಪಾರ್ಕಿನ ಮರ ಅಪಾಯಕಾರಿ ಎನಿಸಿದರೆ ಫೋಟೊ ಸಮೇತ ಮಹಾನಗರ ಪಾಲಿಕೆಗೂ ಅರಣ್ಯ ಇಲಾಖೆಗೂ ದೂರು ಕೊಟ್ಟು, ಸ್ವೀಕೃತಿ ಇಟ್ಟುಕೊಳ್ಳಿ. ರಸ್ತೆ ಅಗಲೀಕರಣದಂಥ ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ತೆಗೆಯುವುದಾದರೆ ಮೊದಲು ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ಬಾಡಿಗೆಗಿದ್ದವರೂ ಆಕ್ಷೇಪಣೆ ಬರೆಯಬಹುದು, ಬರೆಯಿರಿ.

ಕೊಂಬೆ ವಿದ್ಯುತ್ ತಂತಿಗೆ ತಾಗುತ್ತಿದ್ದರೆ ಏಣಿ ಹಾಕಿ ನೀವೇ ಹತ್ತಬೇಡಿ, ಇಲ್ಲಿನ ವಿದ್ಯುತ್ ಕಂಪನಿ ಜೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಮುಂಗಾರಿಗೆ ಮುಂಚಿನ ಗಾಳಿ ಮಳೆಯಲ್ಲಿ ತಂತಿ ಸಮೇತ ಮರ ಬಿದ್ದರಂತೂ ಮಕ್ಕಳನ್ನು ದೂರವಿಡಿ, ಲೈನ್‌ಮನ್ ಬರುವವರೆಗೆ ಯಾರೂ ಹತ್ತಿರ ಹೋಗಬಾರದು.

ಅರ್ಜಿಯ ಮಾದರಿ ಸಂಘದ ಕಚೇರಿಯಲ್ಲಿದೆ, ಕನ್ನಡದಲ್ಲೇ ಬರೆದು ಕೊಡುತ್ತೇವೆ. ಬರುವಾಗ ಖಾತೆ ನಕಲು ಮರೆಯಬೇಡಿ.