ಪರ್ಸಿ ಮೇಲೆ ಎರಡು ಬಣ್ಣ, ಮೂರನೆಯದು ಎಲ್ಲಿ?

ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಮನೆಯೊಳಗೆ ಶಹಾಬಾದಿನ ಪರ್ಸಿ, ಅಂದರೆ ನೆಲಕ್ಕೆ ಹಾಸಿದ ಚಪ್ಪಟೆ ಕಲ್ಲು, ತಣ್ಣಗಿರುತ್ತದೆ. 5 ಕಲ್ಲು ಉದ್ದ, 5 ಕಲ್ಲು ಅಗಲ ಗುರುತು ಹಾಕಿ ಬಣ್ಣದ ಸೀಮೆಸುಣ್ಣ ಕೈಗೆ ಕೊಡಿ. ನಿಯಮ ಇಷ್ಟೇ: ಅಂಚಿಗೆ ಅಂಚು ತಾಗುವ ಕಲ್ಲುಗಳಿಗೆ ಒಂದೇ ಬಣ್ಣ ಬರಬಾರದು. ಆದಷ್ಟು ಕಡಿಮೆ ಬಣ್ಣಗಳಲ್ಲಿ ಮುಗಿಯಬೇಕು.

ಖಾಲಿ ನೆಲಕ್ಕಾದರೆ ಚದುರಂಗದ ಹಾಸಿನಂತೆ ಕೆಂಪು, ನೀಲಿ ಸಾಕು. ಅದರಲ್ಲಿ ಆಟವೇ ಇಲ್ಲ. ಎರಡು ಕಲ್ಲಿಗೆ ನೀವೇ ಮೊದಲು ಬಣ್ಣ ಹಚ್ಚಿಡಿ, ಆಗ ನೋಡಿ ಮಜಾ.

ಮಕ್ಕಳು ಸೀದಾ ಬಳಿಯಲು ಕೂರುತ್ತಾರೆ. ತಡೆಯಿರಿ, ಮೊದಲು ಹೆಜ್ಜೆ ಎಣಿಸಲಿ. ಹಚ್ಚಿಟ್ಟ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಅಡ್ಡ, ಉದ್ದ ಮಾತ್ರ ನಡೆಯಬೇಕು. ಎಷ್ಟೇ ಸುತ್ತಿ ಹೋದರೂ ಸಮ ಸಮವೇ, ಬೆಸ ಬೆಸವೇ. ಸಮ ಬಂದರೆ ಎರಡೂ ಒಂದೇ ಬಣ್ಣದವಿರಬೇಕು, ಬೆಸ ಬಂದರೆ ಬೇರೆ ಬೇರೆ. ಹಾಗಿಲ್ಲದಿದ್ದರೆ ಎರಡು ಬಣ್ಣದಲ್ಲಿ ಮುಗಿಯುವುದಿಲ್ಲ. ಬಳಿದು ಅಳಿಸುವ ಕೆಲಸವೇ ತಪ್ಪಿತು.

ಮೇಲಿನ ಎಡ ಮೂಲೆ ಕೆಂಪು, ಕೆಳಗಿನ ಬಲ ಮೂಲೆ ನೀಲಿ ಎಂದುಕೊಳ್ಳಿ. ನಡುವೆ 8 ಹೆಜ್ಜೆ. ಸಮ ಬಂತು, ಬಣ್ಣ ಬೇರೆ. ಹಳದಿ ಬೇಕೇ ಬೇಕು. ಕಡಿಮೆ ಎಂದರೆ ಎಷ್ಟು ಕಲ್ಲಿಗೆ?

ನೀಲಿ ಮೂಲೆಗೆ ತಾಗಿದ ಎರಡು ಕಲ್ಲಿಗೆ ಹಳದಿ ಬಳಿಯಿರಿ. ಉಳಿದ ನೆಲವನ್ನೆಲ್ಲ ಕೆಂಪು ಮೂಲೆಯಿಂದ ಶುರುಮಾಡಿ ಎರಡೇ ಬಣ್ಣದಲ್ಲಿ ತುಂಬಿ. ಮುಗೀತು. "ಒಂದs ಹಳದಿ ಸಾಲಂಗಿಲ್ಲೇನು?" ಎಂದು ನಮ್ಮ ಮನೆಯ ಹುಡುಗಿ ಪಟ್ಟು ಹಿಡಿದಿದ್ದಳು. ಸಾಲದು. ಒಂದು ಕಲ್ಲು ಅಡ್ಡ ಬಂದರೆ ಪಕ್ಕದಿಂದ ದಾರಿ ಉಳಿದೇ ಇರುತ್ತದೆ, ಹಳೆಯ ಲೆಕ್ಕ ಆ ದಾರಿಯಲ್ಲೇ ಬಂದು ಕೆಡಿಸುತ್ತದೆ. ಹಳದಿ ಎಂದರೆ ಬೇಲಿ. ನಡುವಿನ ಕಲ್ಲಿಗೆ ಬೇಲಿ ಹಾಕಲು 4 ಕಲ್ಲು ಬೇಕು, ಗೋಡೆ ಪಕ್ಕದ್ದಕ್ಕೆ 3, ಮೂಲೆಗೆ 2. ತಂಟೆ ಮಾಡುವ ಎರಡು ಕಲ್ಲುಗಳಲ್ಲಿ ಮೂಲೆಯದಕ್ಕೇ ಬೇಲಿ ಹಾಕಿ.

ಒಂದೇ ಬಣ್ಣದ ಕಲ್ಲುಗಳು ಮೂಲೆಗೆ ಮೂಲೆಯೂ ತಾಗಬಾರದು ಎಂದರೆ ಖಾಲಿ ನೆಲಕ್ಕೇ 4 ಬಣ್ಣ. 2×2ರ ನಾಲ್ಕು ಕಲ್ಲು ಒಂದಕ್ಕೊಂದು ತಾಗಿಯೇ ಇರುತ್ತವಲ್ಲ! ಆ ನಾಲ್ಕನ್ನೇ ನೆಲದುದ್ದಕ್ಕೂ ಮತ್ತೆ ಮತ್ತೆ ಇಡುತ್ತಾ ಹೋಗಿ.

ಆಟಕ್ಕೆ ಮೊದಲು ನೆಲವನ್ನೊಮ್ಮೆ ನೋಡಿ. ಗೌಂಡಿ ಇಟ್ಟಿಗೆ ಗೋಡೆಯಂತೆ ಸಂದು ತಪ್ಪಿಸಿ ಕಲ್ಲು ಕೂರಿಸಿದ್ದರೆ, ಒಂದೊಂದು ಸಂದಿನಲ್ಲೂ ಮೂರು ಕಲ್ಲು ಕೂಡುತ್ತವೆ. ಅಲ್ಲಿ ಅಂಚಿನ ನಿಯಮಕ್ಕೇ 3 ಬಣ್ಣ. ಅಂಗಳದಲ್ಲಿ ಒಡಕು ಪರ್ಸಿಯನ್ನು ಹೇಗೆಂದರೆ ಹಾಗೆ ಜೋಡಿಸಿದ್ದರೂ 4 ದಾಟುವುದಿಲ್ಲ. ಇದನ್ನು ಗಣಿತಜ್ಞರಾದ ಕೆನೆತ್ ಆ್ಯಪಲ್ ಮತ್ತು ವುಲ್ಫ್‌ಗ್ಯಾಂಗ್ ಹಾಕೆನ್ 1976ರಲ್ಲಿ ಸಾಧಿಸಿದರು, ಅದೂ ಕಂಪ್ಯೂಟರ್ ಹಚ್ಚಿ.