‘ಒಟ್ಟು’ ಎಂಬ ಪದದ ಬೆನ್ನು ಹತ್ತಿ: ನನ್ನ ಅನುಭವ

ಬಿಲ್ ಹಾಕುವ ಒಂದು ಸಣ್ಣ ಸಾಫ್ಟ್‌ವೇರನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ದಲ್ಲಾಲಿ ಮಂಡಿ, ಇಂಥ ಕಡೆ ಬಳಸುವಂಥದ್ದು. ಪದಪಟ್ಟಿ ತೆರೆದರೆ ಟೋಟಲ್, ಸಬ್‌ಟೋಟಲ್, ಗ್ರ್ಯಾಂಡ್ ಟೋಟಲ್, ಸಮ್, ಅಮೌಂಟ್, ಹೋಲ್ ನಂಬರ್ ಅಂತ ಒಂದೇ ಜಾತಿಯ ಪದಗಳ ಸಾಲು. ಕನ್ನಡದಲ್ಲಿ ತಟ್ಟನೆ ಬಾಯಿಗೆ ಬರುವುದು ಒಂದೇ, ಒಟ್ಟು. ಎಲ್ಲ ಕಡೆ ಅದನ್ನೇ ತುಂಬಿದರೆ ಬಿಲ್ ಓದುವವರ ತಲೆ ಕೆಡುತ್ತೆ. ಹಾಗಾಗಿ ಯಾವ ಪದಕ್ಕೆ ಯಾವ ಜಾಗ ಅಂತ ನೋಡಲು ಅವುಗಳ ಹುಟ್ಟು ಹುಡುಕಲು ಶುರು ಮಾಡಿದೆ. ಸಾಫ್ಟ್‌ವೇರ್ ಕೆಲಸ ಮುಗಿದ ಮೇಲೂ ಆ ಹುಚ್ಚು ಬಿಡಲಿಲ್ಲ.

ನಿಘಂಟು ಆಮೇಲೆ, ಮೊದಲು ಬಾಯಿಮಾತು. ಅಂಗಡಿಯಲ್ಲಿ ನಿಂತು ಸುಮ್ನೆ ಕಿವಿಗೊಟ್ಟೆ. ಸಾಮಾನು ಕಟ್ಟಿಸಿಕೊಂಡವರು ಕೇಳುವುದು ‘ಎಷ್ಟಾಯ್ತು?’ ಅಂತ. ಗಮನಿಸಿ, ಇಲ್ಲಿ ಮೊತ್ತಕ್ಕೆ ಅಂತ ಒಂದು ಹೆಸರೇ ಇಲ್ಲ. ‘ಆಗು’ ಎಂಬ ಕ್ರಿಯಾಪದ ಒಂದೇ ಸಾಕು. ತಮಿಳರು ಲೆಕ್ಕದ ಕೊನೆಗೆ ‘ಆಗ’ ಅಂತಾರೆ, ಮಲಯಾಳದವರು ‘ಆಕೆ’ ಅಂತಾರೆ. ಎರಡೂ ನಮ್ಮ ‘ಆಗು’ವಿನ ಬಂಧುಗಳೇ. ದೂರದ ರಷ್ಯನ್ ಭಾಷೆಯಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಚಂದ ಇದೆ. ಅಲ್ಲಿ ರಸೀದಿಯ ಅಡಿಗೆ ‘ಇತೊಗೋ’ ಅಂತ ಅಚ್ಚಾಗಿರುತ್ತೆ. ‘ಇ’ ಅಂದರೆ ‘ಮತ್ತು’, ‘ತೊಗೋ’ ಅಂದರೆ ‘ಅದರ’. ಎರಡೂ ಅಂಟಿಕೊಂಡು ‘ಇತೋಗ್’ ಎಂಬ ನಾಮಪದವೇ ಹುಟ್ಟಿತು. ಅರ್ಥ ಮೊತ್ತ.

ಇನ್ನು ‘ಒಟ್ಟು’. ಇದು ನನಗೆ ಸಿಕ್ಕಿದ್ದು ಹೊಲದಲ್ಲಿ. ಧಾರವಾಡದ ಕಡೆಯ ನಮ್ಮ ಕಾಕಾ ಒಬ್ಬರು ಸುಗ್ಗಿ ಮುಗಿದ ಮೇಲೆ ಫೋನಿನಲ್ಲಿ ‘ಮಳಿ ಬರೂದ್ರಾಗ ಬಣವಿ ಒಟ್ಟಬೇಕೋ ತಮ್ಮಾ, ಆಮ್ಯಾಲೆ ಮಾತಾಡೂನು’ ಅಂದರು. ಬಣವಿ ಒಟ್ಟೋದು ಅಂದರೆ ಮೇವನ್ನು ಒಂದರ ಮೇಲೊಂದು ಪೇರಿಸೋದು. ಕುಳ್ಳು ಒಟ್ಟುತ್ತಾರೆ, ಸೌದೆ ಒಟ್ಟುತ್ತಾರೆ. ಬಿಲ್ಲಿನ ಅಡಿಯಲ್ಲಿ ಹೆಸರುಪದವಾಗಿ ಕೂತಿರುವ ಒಟ್ಟು, ಹೊಲದಲ್ಲಿ ಇನ್ನೂ ಮೈಮುರಿದು ದುಡಿಯುವ ಕ್ರಿಯಾಪದ. ಆಮೇಲೆ ಕಿಟ್ಟೆಲ್ ನಿಘಂಟು ತೆಗೆದು ನೋಡಿದರೆ ರಾಶಿ ಹಾಕು, ಕೂಡಿಡು ಎಂಬ ಅರ್ಥಗಳು ಅಲ್ಲೂ ಇವೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ ಆ ಪುಸ್ತಕ ಈ ಕೆಲಸಕ್ಕೆ ಇವತ್ತಿಗೂ ಮೊದಲ ಆಸರೆ.

‘ಮೊತ್ತ’ದ ಕಥೆಯೂ ಹೆಚ್ಚು ಕಡಿಮೆ ಇದೇ. ಹಳೆಯ ಕನ್ನಡದಲ್ಲಿ ಮೊತ್ತ ಅಂದರೆ ಗುಂಪು, ರಾಶಿ. ದುಡ್ಡಿನ ಲೆಕ್ಕಕ್ಕೇ ಅಂಟಿಕೊಂಡದ್ದು ಆಮೇಲೆ. ತೆಲುಗಿನಲ್ಲೂ ತಮಿಳಿನಲ್ಲೂ ಇದು ‘ಮೊತ್ತಂ’. ತಮಿಳಿನಲ್ಲಿ ‘ಒಟ್ಟುಮೊತ್ತಂ’ ಅನ್ನುವ ಜೋಡಿ ಪದವೂ ಇದೆ, ನಮ್ಮ ‘ಒಟ್ಟು ಮೊತ್ತ’ದ ಹಾಗೆಯೇ.

ಪೇರಿಸುವುದು, ರಾಶಿ ಹಾಕುವುದು ನಮ್ಮ ಹೊಲದವರ ಯೋಚನೆ ಮಾತ್ರವೇನೋ ಅಂದುಕೊಂಡು ಗಣಿತದ ಕಡೆ ತಿರುಗಿದೆ. ಅಲ್ಲೂ ಅದೇ! ಆರ್ಯಭಟ 499ರ ತನ್ನ ಗ್ರಂಥದಲ್ಲಿ ಶ್ರೇಣಿಗಳ ಮೊತ್ತದ ವಿಷಯಕ್ಕೆ ಬಂದಾಗ ‘ಚಿತಿಘನ’ ಅನ್ನುತ್ತಾನೆ. ಚಿತಿ ಅಂದರೆ ಪೇರಿಸಿದ್ದು, ಒಟ್ಟಿದ್ದು. ಗುಂಡುಗಳನ್ನು ಮೂರು ಮೂಲೆಯ ಗೋಪುರದ ಹಾಗೆ ಪೇರಿಸಿದರೆ ಒಟ್ಟು ಎಷ್ಟು ಗುಂಡು ಎಂಬುದು ಅಲ್ಲಿನ ಲೆಕ್ಕ. ಸುಮಾರು 850ರಲ್ಲಿ ನಮ್ಮ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಕೂಡುವ ಲೆಕ್ಕಕ್ಕೆ ಚಿತಿ ಅಂತಲೂ ಸಂಕಲಿತ ಅಂತಲೂ ಎರಡು ಹೆಸರು ಕೊಡುತ್ತಾನೆ. ಚಿತೆ, ಚೈತ್ಯ, ಸಂಚಯ, ಸಂಚಿತ ಎಲ್ಲವೂ ಪೇರಿಸು ಎಂಬ ಅರ್ಥದ ಅದೇ ‘ಚಿ’ ಧಾತುವಿನವು. ಸಂಸ್ಕೃತ ಗಣಿತದಲ್ಲಿ ಸಂಖ್ಯೆಗೆ, ಪ್ರಮಾಣಕ್ಕೆ ‘ರಾಶಿ’ ಎಂಬ ಮಾತೂ ಇದೆ. ನಮ್ಮ ಕಣದಲ್ಲಿ ಜೋಳದ ರಾಶಿ. ಶಿರಸಿ ಕಡೆ ಹೋದರೆ ‘ರಾಶಿ ಚಲೋ ಇದ್ದು’, ಅಂದರೆ ತುಂಬ ಚೆನ್ನಾಗಿದೆ.

ಸಂಕಲನದ ಬಗ್ಗೆ ಒಂದು ಅಡ್ಡಮಾತು. ಕೂಡುವ ಲೆಕ್ಕವೂ ಸಂಕಲನ, ಕಥೆಗಳನ್ನು ಒಟ್ಟು ಮಾಡಿದ ಪುಸ್ತಕವೂ ಸಂಕಲನ. ನಾನು ಇದನ್ನು ನಮ್ಮ ಭಾಷೆಯ ಒಂದು ಚಮತ್ಕಾರ ಅಂತ ಬರೆದಿಟ್ಟುಕೊಂಡಿದ್ದೆ. ಆಮೇಲೆ ನೋಡಿದರೆ ತಮಿಳಿನ ‘ತೊಗೈ’ ಕೂಡ ಹಾಗೇ: ದುಡ್ಡಿನ ಮೊತ್ತವೂ ಹೌದು, ಸಂಗಂ ಕಾಲದ ‘ಎಟ್ಟುತ್ತೊಗೈ’ ಅಂದರೆ ಎಂಟು ಸಂಕಲನಗಳೂ ಹೌದು. ಲ್ಯಾಟಿನ್‌ನ ‘ಸುಮ್ಮಾ’ ಮೊತ್ತವೂ ಹೌದು, ಒಂದು ವಿಷಯವನ್ನೆಲ್ಲ ಒಂದೆಡೆ ತಂದ ದೊಡ್ಡ ಗ್ರಂಥವೂ ಹೌದು. ಲೂಕಾ ಪಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಗಣಿತದ ಪುಸ್ತಕದ ಹೆಸರು ಶುರುವಾಗುವುದೇ ‘ಸುಮ್ಮಾ’ ಅಂತ. ಜಮಾ ಖರ್ಚನ್ನು ಎರಡೆರಡು ಕಡೆ ಬರೆಯುವ ಲೆಕ್ಕದ ಪದ್ಧತಿ ಅಚ್ಚಿನಲ್ಲಿ ಬಂದ ಮೊದಲ ಪುಸ್ತಕಗಳಲ್ಲಿ ಅದೂ ಒಂದು. ಅಕೌಂಟೆಂಟ್ ಗೆಳೆಯರಿಗೆ ಗೊತ್ತಿರುತ್ತೆ.

ಈ ಸುಮ್ಮಾದಿಂದಲೇ ಇಂಗ್ಲಿಷಿನ ಸಮ್. ಮೂಲ ಅರ್ಥ ‘ಎಲ್ಲಕ್ಕಿಂತ ಮೇಲಿನದು’. ರೋಮನ್ನರು ಅಂಕಿಗಳನ್ನು ಕೂಡಿ ಉತ್ತರವನ್ನು ಸಾಲಿನ ತಲೆಯ ಮೇಲೆ ಬರೆಯುತ್ತಿದ್ದರು, ಅದಕ್ಕೇ ಈ ಹೆಸರು ಅನ್ನುತ್ತಾರೆ ನಿಘಂಟುಕಾರರು. ನಾವು ಗೆರೆ ಎಳೆದು ಕೆಳಗೆ ಬರೆಯುತ್ತೇವೆ, ಅವರದು ಮೇಲೆ. ಶಿಖರಕ್ಕೆ ಸಮ್ಮಿಟ್ ಅನ್ನುವುದೂ ಇದರಿಂದಲೇ. ಅಮೌಂಟ್ ಕೂಡ ಏರುವ ಪದವೇ. ಲ್ಯಾಟಿನ್‌ನ ‘ಆಡ್ ಮೊಂತೆಮ್’, ಅಂದರೆ ಬೆಟ್ಟದ ಕಡೆಗೆ. ಅದು ಫ್ರೆಂಚಿನಲ್ಲಿ ‘ಮೇಲಕ್ಕೆ ಹೋಗು’ ಎಂಬ ಕ್ರಿಯಾಪದವಾಗಿ ಇಂಗ್ಲಿಷಿಗೆ ಇಳಿಯಿತು.

ಇಲ್ಲೇ ಒಂದು ಬಲೆ ಇದೆ. ಅಮೌಂಟ್, ಮೊತ್ತ. ಕೇಳೋಕೆ ಅಣ್ಣತಮ್ಮಂದಿರ ಹಾಗಿದೆ, ಅಲ್ವಾ? ಯಾರಾದರೂ ‘ನೋಡಿ, ಇಂಗ್ಲಿಷರು ನಮ್ಮಿಂದ ಕದ್ದರು’ ಅಂದರೆ ಚಪ್ಪಾಳೆ ಗ್ಯಾರಂಟಿ. ಆದರೆ ಅಮೌಂಟಿನ ಹಳೆಯ ರೂಪದಲ್ಲಿ ಬೆಟ್ಟ ಕೂತಿದೆ, ಮೊತ್ತದ ಹಳೆಯ ರೂಪದಲ್ಲಿ ಗುಂಪು ಕೂತಿದೆ. ಎರಡಕ್ಕೂ ನಂಟಿಲ್ಲ. ಎರಡು ಪದ ಒಂದೇ ಥರ ಕೇಳಿಸಿದರೆ ನಾನು ಮೊದಲು ಅನುಮಾನ ಪಡುತ್ತೇನೆ. ಎರಡರದ್ದೂ ಸಿಗುವಷ್ಟು ಹಳೆಯ ರೂಪ ಬರೆದುಕೊಳ್ಳುತ್ತೇನೆ. ಆಮೇಲೆ ಅದೇ ಅಕ್ಷರ ಅದೇ ಥರ ಬದಲಾದ ಬೇರೆ ಜೋಡಿಗಳು ಇವೆಯಾ ಅಂತ ಹುಡುಕುತ್ತೇನೆ. ಒಂದು ಜೋಡಿ ಕಾಕತಾಳೀಯ ಇರಬಹುದು. ನಾಲ್ಕು ಜೋಡಿ ಸಾಲಾಗಿ ನಿಂತರೆ ನಂಬಬಹುದು.

ಇದಕ್ಕೆ ಒಳ್ಳೆಯ ಉದಾಹರಣೆ ‘ಸರ್ವ’. ಗ್ರೀಕಿನಲ್ಲಿ ಪೂರ್ತಿ ಎಂಬುದಕ್ಕೆ ‘ಹೊಲೊಸ್’, ಪಾರಸಿಯಲ್ಲಿ ಪ್ರತಿಯೊಂದು ಎಂಬುದಕ್ಕೆ ‘ಹರ್’. ಇವೆರಡೂ ನಮ್ಮ ಸರ್ವದ ಒಡಹುಟ್ಟು ಅಂದರೆ ಯಾರೂ ತಟ್ಟನೆ ಒಪ್ಪಲ್ಲ. ಆದರೆ ಸಂಸ್ಕೃತದಲ್ಲಿ ಸಪ್ತ, ಪಾರಸಿಯಲ್ಲಿ ಹಫ್ತ್, ಗ್ರೀಕಿನಲ್ಲಿ ಹೆಪ್ತ. ವಾರದ ಹಫ್ತಾ ಅಂತ ನಮ್ಮಲ್ಲೂ ಅನ್ನುತ್ತೇವಲ್ಲ, ಅದೇ ಏಳು ದಿನ. ಸಿಂಧು ಹಿಂದೂ ಆದದ್ದೂ ಹೀಗೆಯೇ. ಸಕಾರ ಆ ಎರಡು ಭಾಷೆಗಳಲ್ಲಿ ಹಕಾರ ಆಗುತ್ತೆ. ಅಲ್ಲಿಗೆ ಸರ್ವ, ಹರ್, ಹೊಲೊಸ್ ಒಂದೇ ಬೇರಿನವು. ಲ್ಯಾಟಿನ್ ಮಾತ್ರ ಸಕಾರ ಉಳಿಸಿಕೊಂಡು ‘ಸಾಲ್ವುಸ್’ ಅಂದಿತು. ಅಂದರೆ ಏನೂ ಊನವಾಗದೆ ಉಳಿದದ್ದು. ಇಂಗ್ಲಿಷಿನ ಸೇಫ್, ಸೇವ್, ಸೆಲ್ಯೂಟ್ ಮೂರೂ ಅದರ ಸಂತಾನ.

ಹಾಗಾದರೆ ಇಂಗ್ಲಿಷಿನ ಹೋಲ್? ಗ್ರೀಕ್ ಹೊಲೊಸ್‌ನಿಂದಲೇ ಬಂದ ಹಾಗಿದೆ. ಅಲ್ಲ! ಇಂಗ್ಲಿಷಿನ ಪದಕ್ಕೆ ಹಳೆಯ ರೂಪ ‘ಹಾಲ್’, ಅರ್ಥ ಗಾಯವಿಲ್ಲದ, ಆರೋಗ್ಯವಾದ. ಹೀಲ್, ಹೆಲ್ತ್, ಹೋಲಿ ಇವೆಲ್ಲ ಅದರ ಮನೆಯವರು. ಈ ಹಕಾರ ಹುಟ್ಟಿದ್ದು ಸಕಾರದಿಂದಲ್ಲ, ಕಕಾರದಿಂದ. ಲ್ಯಾಟಿನ್‌ನ ಕೆಂತುಮ್ ಇಂಗ್ಲಿಷಿನಲ್ಲಿ ಹಂಡ್ರೆಡ್ ಆದಂತೆ. ಬರೆಯುವಾಗ ಮುಂದೆ ಸೇರುವ ಡಬ್ಲ್ಯೂ ಅಂತೂ ಬಹಳ ಈಚಿನ ಅಲಂಕಾರ, ಉಚ್ಚಾರದಲ್ಲಿ ಅದು ಇಲ್ಲ. ಹೊಲೊಸ್ ಮತ್ತು ಹೋಲ್ ನನಗೆ ಈ ಕೆಲಸದಲ್ಲಿ ಸಿಕ್ಕ ಅತ್ಯಂತ ಚಂದದ ಬಲೆ. ಅರ್ಥ ಒಂದೇ, ಸದ್ದು ಒಂದೇ, ವಂಶ ಬೇರೆ.

ಲ್ಯಾಟಿನ್ ವಿಷಯ ಬಂದಾಗ ಬಸ್ಸನ್ನು ಬಿಡಲಾಗದು. ‘ಓಮ್ನಿಸ್’ ಅಂದರೆ ಎಲ್ಲ, ‘ಓಮ್ನಿಬುಸ್’ ಅಂದರೆ ಎಲ್ಲರಿಗೂ. ಎಲ್ಲರಿಗೂ ಅಂತ ಓಡಿಸಿದ ಗಾಡಿಗೆ ಆ ಹೆಸರು ಬಂತು. ಜನ ಪದವನ್ನು ಕತ್ತರಿಸಿ ಬಾಲ ಮಾತ್ರ ಇಟ್ಟುಕೊಂಡರು. ಆ ಬಾಲ ಬರೀ ವಿಭಕ್ತಿ ಪ್ರತ್ಯಯ, ಸಂಸ್ಕೃತದ ‘ಸರ್ವೇಭ್ಯಃ’ದಲ್ಲಿರುವ ಭ್ಯಃ ಇದೆಯಲ್ಲ, ಅದರ ನೆಂಟ. ಅಂದರೆ ನಾವು ದಿನಾ ಹತ್ತಿಳಿಯುವುದು ಒಂದು ಚತುರ್ಥಿ ವಿಭಕ್ತಿಯನ್ನು!

ಇದಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಕಚೇರಿಯ ಪದಗಳು. ಮನೆಯ ಹಳೆಯ ಕ್ರಯಪತ್ರಗಳನ್ನು ತೆಗೆದು ಓದಿ ನೋಡಿ. ‘ಮೊಬಲಗು’ ಅಂತ ಒಂದು ಪದ ಕಣ್ಣಿಗೆ ಬೀಳಬಹುದು, ಅದರ ಮುಂದೆ ರೂಪಾಯಿ. ಮೊಬಲಗು ಅರಬ್ಬಿಯ ‘ಮಬ್ಲಗ್’, ಲೆಕ್ಕ ಎಲ್ಲಿಗೆ ಮುಟ್ಟಿತೋ ಅದು. ವಯಸ್ಸಿಗೆ ಮುಟ್ಟಿದವರನ್ನು ಉರ್ದುವಿನಲ್ಲಿ ಬಾಲಿಗ್ ಅನ್ನುತ್ತಾರಲ್ಲ, ಅದೂ ಇದೇ ಧಾತು. ‘ಜಮಾ’ ಇನ್ನೂ ದೊಡ್ಡ ಕುಟುಂಬ. ಕೂಡಿಸು, ಸೇರಿಸು ಎಂಬ ಮೂಲ. ಜಮಾ ಖರ್ಚು, ಜಮಾಬಂದಿ, ಜನ ಜಮಾಯಿಸುವುದು, ಜಮಾತ್, ಎಲ್ಲರೂ ಸೇರುವ ಶುಕ್ರವಾರದ ಜುಮ್ಮಾ, ಎಲ್ಲ ಒಂದೇ ಬೇರು. ಮುಜುಂದಾರ್ ಎಂಬ ಅಡ್ಡಹೆಸರು ಕೂಡ. ಅದು ‘ಮಜ್ಮೂದಾರ್’, ಜಮೆಯ ಲೆಕ್ಕ ಇಡುವ ಅಧಿಕಾರಿ. ಶಿವಾಜಿಯ ಅಷ್ಟಪ್ರಧಾನರಲ್ಲಿ ಅಮಾತ್ಯನಿಗೆ ಇದ್ದ ಇನ್ನೊಂದು ಹೆಸರೇ ಇದು.

‘ಜುಮ್ಲಾ’ ಬೇರೆ ಧಾತು, ಅರ್ಥ ಅದೇ, ಒಟ್ಟುಗೂಡಿಸಿದ್ದು. ತೆಲುಗು, ಮರಾಠಿಗಳಲ್ಲಿ ಲೆಕ್ಕದ ಮೊತ್ತಕ್ಕೆ ಈ ಪದ ನಡೆಯುತ್ತಿತ್ತು. ಅರಬ್ಬಿ ವ್ಯಾಕರಣದಲ್ಲಿ ಜುಮ್ಲಾ ಅಂದರೆ ವಾಕ್ಯ, ಪದಗಳ ಮೊತ್ತ. ಹಡಗಿನ ವ್ಯಾಪಾರದ ಜೊತೆ ಇದು ಎಲ್ಲೆಲ್ಲೋ ಹೋಗಿದೆ. ಇಂಡೊನೇಷ್ಯಾದಲ್ಲಿ ‘ಜುಮ್ಲಾಹ್’, ಸ್ವಾಹಿಲಿಯಲ್ಲಿ ‘ಜುಮ್ಲ’, ಎರಡೂ ಕಡೆ ಮೊತ್ತ. ಟರ್ಕಿಯಲ್ಲಿ ‘ಜುಮ್ಲೆ’, ಅಲ್ಲಿ ವಾಕ್ಯ. ಹಿಂದಿಯಲ್ಲೂ ವಾಕ್ಯವೇ. ಅಲ್ಲಿಂದ ಟೀವಿ ಚರ್ಚೆಗಳಿಗೆ ಬಂದು ಪೊಳ್ಳು ಮಾತು ಅಂತಾಗಿದೆ. ಮೊತ್ತಕ್ಕೆ ಇಂಥ ಗತಿ ಬರಬಾರದಿತ್ತು.

ಈ ಭಾಗಕ್ಕೆ ನನಗೆ ಹೆಚ್ಚು ನೆರವಾದದ್ದು ಹೊರೇಸ್ ವಿಲ್ಸನ್ 1855ರಲ್ಲಿ ಹೊರತಂದ ಕಂದಾಯ ಮತ್ತು ನ್ಯಾಯಾಲಯದ ಪದಕೋಶ. ಅದರಲ್ಲಿ ಒಂದು ಪದ ಯಾವ ಭಾಷೆಯವರ ಬಾಯಲ್ಲಿ ಏನಾಗಿದೆ ಅಂತ ಗೊತ್ತಾಗುತ್ತೆ. ಮರಾಠಿಗೆ ಮೋಲ್ಸ್‌ವರ್ತ್, ತೆಲುಗಿಗೆ ಬ್ರೌನ್, ದ್ರಾವಿಡ ಬೇರುಗಳಿಗೆ ಬರೋ ಮತ್ತು ಎಮೆನೊ ಅವರ ಕೋಶ. ಷಿಕಾಗೋ ವಿಶ್ವವಿದ್ಯಾಲಯದವರು ಈ ಮೂರನ್ನೂ ಇಂಟರ್ನೆಟ್ಟಿನಲ್ಲಿ ಹುಡುಕುವ ಹಾಗೆ ಮಾಡಿಟ್ಟಿದ್ದಾರೆ, ದುಡ್ಡಿಲ್ಲ ಕಾಸಿಲ್ಲ. ‘ಬೇರೀಜು’ ನನಗೆ ಸಿಕ್ಕಿದ್ದು ಹೀಗೆ. ಲಾಭನಷ್ಟ ಬೇರೀಜು ಹಾಕು ಅಂತ ಪೇಪರಿನಲ್ಲಿ ಬರೆಯುತ್ತಾರೆ, ಅಳೆದು ತೂಗು ಎಂಬ ಅರ್ಥದಲ್ಲಿ. ಮರಾಠಿ ಶಾಲೆಯ ಮಕ್ಕಳಿಗೆ ಬೇರೀಜ್ ಅಂದರೆ ಸೀದಾ ಕೂಡುವ ಲೆಕ್ಕ, ಅಷ್ಟೆ.

ಉಳಿದದ್ದು ‘ಇಡೀ’. ಇದರ ಜೋಡಿ ‘ಬಿಡಿ’. ಬಿಡಿ ಹೂವು, ಬಿಡಿ ಬರಹ, ಬಿಡಿಯಾಗಿ ಕೊಳ್ಳುವುದು. ಬಿಟ್ಟದ್ದು ಬಿಡಿ. ಇಡೀ? ‘ಇಡಿಕಿರಿದು ತುಂಬಿತ್ತು’ ಎಂಬ ಮಾತಿನಲ್ಲಿ ಅದರ ಹಳೆಯ ಅರ್ಥ ಉಳಿದಿದೆ, ಸಂದಿಲ್ಲದೆ ತುಂಬಿಕೊಂಡದ್ದು. ಇಂಗ್ಲಿಷಿನ ಹೋಲ್‌ಗೆ ಗಾಯವಿಲ್ಲ, ನಮ್ಮ ಇಡೀಗೆ ಸಂದಿಲ್ಲ. ನನಗೆ ನಮ್ಮದೇ ಹೆಚ್ಚು ಇಷ್ಟ, ಪಕ್ಷಪಾತ ಅಂದರೂ ಸರಿ.

ಕೊನೆಗೆ ಪಟ್ಟಿಯಲ್ಲಿ ಹಾಕಿದ್ದು ಇಷ್ಟು. ಟೋಟಲ್‌ಗೆ ಒಟ್ಟು. ಅಮೌಂಟ್‌ಗೆ ಮೊತ್ತ. ಸಮ್ ಇದ್ದದ್ದು ಒಂದು ಗುಂಡಿಯ ಮೇಲೆ, ಒತ್ತಿದರೆ ಅಂಕಿಗಳು ಸೇರುತ್ತವೆ, ಹಾಗಾಗಿ ಅಲ್ಲಿ ‘ಕೂಡಿಸು’. ಹೋಲ್ ನಂಬರ್‌ಗೆ ಪಠ್ಯಪುಸ್ತಕದ ‘ಪೂರ್ಣ ಸಂಖ್ಯೆ’ಯೇ ಸರಿ, ಶಾಲೆಯಲ್ಲಿ ಕಲಿತದ್ದನ್ನು ಬದಲಿಸುವುದು ಬೇಡ. ತಲೆನೋವು ಕೊಟ್ಟದ್ದು ಸಬ್‌ಟೋಟಲ್. ಉಪಮೊತ್ತ ಅಂತ ಒಬ್ಬರು ಸೂಚಿಸಿದರು. ಅಂಗಡಿಯವರಿಗೆ ತೋರಿಸಿದರೆ ‘ಇದೇನ್ ಸಾರ್, ಉಪವಾಸದ ಥರ’ ಅಂದರು. ಅಸಲಿಗೆ ಆ ಸಾಲಿನಲ್ಲಿ ಬರುವುದು ಜಿಎಸ್‌ಟಿ ಸೇರಿಸುವ ಮುಂಚಿನ ಸಾಮಾನಿನ ಬೆಲೆ. ಹಾಗಾಗಿ ‘ಸಾಮಾನಿನ ಮೊತ್ತ’ ಅಂತ ಹಾಕಿದೆ, ಕೆಳಗೆ ‘ತೆರಿಗೆ’, ಅದರ ಕೆಳಗೆ ಗ್ರ್ಯಾಂಡ್ ಟೋಟಲ್ ಜಾಗದಲ್ಲಿ ‘ಒಟ್ಟು ಮೊತ್ತ’. ಒಬ್ಬ ಮಂಡಿಯವರು ಮಾತ್ರ ‘ಕನ್ನಡದಲ್ಲೇ ಟೋಟಲ್ ಅಂತ ಬರೆದುಕೊಡಿ, ನಮ್ಮ ರೈತರು ಅದನ್ನೇ ಅನ್ನೋದು’ ಅಂದರು. ಅವರಿಗೆ ಹಾಗೇ ಮಾಡಿಕೊಟ್ಟೆ.